ಸೊಂಟಕ್ಕೆ ಸೆಳೆದ ಕೈಗೆ ಏನು ಕೆಲಸ?

ಪ್ರಶ್ನೆ: ಶೋಟೊಕಾನ್ ಶೈಲಿಯ ಕರಾಟೆಯ ಹೆಯಾನ್ ಶೋದಾನ್ ಕಟಾ (ಒಂಟಿಯಾಗಿ ಮಾಡುವ ನಿಗದಿತ ಚಲನೆಗಳ ಸರಣಿ) ನನಗೆ ನಿದ್ದೆಗಣ್ಣಿನಲ್ಲೂ ಬರುತ್ತದೆ. ಅದರ ಮೊದಲ ಚಲನೆಯಾದ ಗೆದಾನ್ ಬರಾಯ್, ಅಂದರೆ ಮುಂಗೈಯನ್ನು ಕೆಳಕ್ಕೆ ಬೀಸುವ ತಡೆ, ಇರುವುದು ಒದೆತವನ್ನು ತಡೆಯಲಿಕ್ಕೆ ಎನ್ನುತ್ತಾರೆ. ಹಾಗೆ ತಡೆಯುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಂಡರೆ ಮುಖಕ್ಕೆ ರಕ್ಷಣೆ ಎಲ್ಲಿದೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದುದೇ. ದೂರದಿಂದ ಬಲವಾಗಿ ಬರುವ ಒದೆತಕ್ಕೆ ಮುಂಗೈಯನ್ನು ಅಡ್ಡ ಹಿಡಿದರೆ ಪೆಟ್ಟಾಗುವುದು ಮುಂಗೈಗೇ. ಅದೇ ಚಲನೆಯನ್ನು, ನಿಮ್ಮ ಮಣಿಕಟ್ಟು ಹಿಡಿದು ಮೈಗೆ ತಾಗುವಷ್ಟು ಹತ್ತಿರ ನಿಂತವನ ಮೇಲೆ ಪ್ರಯೋಗಿಸಿ ನೋಡಿ. ಸೊಂಟಕ್ಕೆ ಹೋಗುವ ಕೈ, ಅಂದರೆ ಹಿಕಿತೆ, ಅವನ ತೋಳನ್ನು ಹಿಡಿದು ತಿರುಚಿ ಸೆಳೆಯುತ್ತದೆ. ಕೆಳಗಿಳಿಯುವ ಮುಂಗೈ ಅವನ ಮೊಣಕೈಯ ತುಸು ಮೇಲೆ ಒತ್ತಿ ಅವನನ್ನು ಮುಂದಕ್ಕೆ ಬಾಗಿಸುತ್ತದೆ. ಹಾಗೆ ಬಾಗಿದವನ ಇನ್ನೊಂದು ಕೈ ನಿಮ್ಮ ಮುಖವನ್ನು ಸುಲಭವಾಗಿ ತಲುಪಲಾರದು. ತೋಳುಗಳನ್ನು ಎದೆಯ ಮುಂದೆ ಅಡ್ಡಲಾಗಿ ತರುವ ಭಾಗವನ್ನು ಬರಿಯ ಸಿದ್ಧತೆ ಎಂದು ಕಲಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಅರ್ಧ ಕೆಲಸ ಮುಗಿಯುವುದೇ ಅಲ್ಲಿ.

ಇದಕ್ಕೆ ಅದೇ ಕಟಾದಲ್ಲಿ ಆಧಾರವಿದೆ. ನಾಲ್ಕನೆಯ ಚಲನೆಯಲ್ಲಿ ಬಲಗೈಯನ್ನು ಹಿಂದಕ್ಕೆ ಸೆಳೆದು, ಸುತ್ತಿಸಿ, ಮುಷ್ಟಿಯ ಬದಿಯಿಂದ ಹೊಡೆಯುವುದು ಎದುರಾಳಿ ಹಿಡಿದ ಮಣಿಕಟ್ಟನ್ನು ಬಿಡಿಸಿಕೊಳ್ಳುವ ಬಗೆ ಎಂದು ಶೋಟೊಕಾನ್ ಶಿಕ್ಷಕರೇ ವಿವರಿಸುತ್ತಾರೆ. ಅಲ್ಲಿ ಕೈ ಹಿಡಿಯುವಷ್ಟು ಹತ್ತಿರವಿರುವ ಎದುರಾಳಿಯನ್ನು ಉಳಿದ ಚಲನೆಗಳಲ್ಲಿ ಮಾತ್ರ ದೂರ ನಿಲ್ಲಿಸಿ ನೋಡಲು ಕಾರಣವಿಲ್ಲ.

ಈ ಅರ್ಥಗಳು ಮರೆಯಾದದ್ದಕ್ಕೆ ಶಾಲೆಯ ಅಂಗಳವೂ ಒಂದು ಕಾರಣ. ಕರಾಟೆ ಗುರು ಇತೊಸು ಅಂಕೊ 20ನೆಯ ಶತಮಾನದ ಆರಂಭದಲ್ಲಿ ಜಪಾನಿನ ಒಕಿನಾವಾ ದ್ವೀಪದ ಶಾಲೆಗಳಿಗೆ ಕರಾಟೆಯನ್ನು ತಂದಾಗ, ಸಾಲಾಗಿ ನಿಂತ ಮಕ್ಕಳಿಗೆ ಅದು ದೈಹಿಕ ಶಿಕ್ಷಣವಾಯಿತು. ಅವರ ಪಿನಾನ್ ಸರಣಿಯ ಎರಡನೆಯ ಕಟಾವೇ, 1922ರಲ್ಲಿ ಟೋಕಿಯೊಗೆ ಹೋಗಿ ನೆಲೆಸಿದ, ಶೋಟೊಕಾನ್ ಶೈಲಿಯ ಸ್ಥಾಪಕ ಫುನಾಕೊಶಿ ಗಿಚಿನ್ ಅವರ ಕೈಯಲ್ಲಿ ಕ್ರಮವೂ ಹೆಸರೂ ಬದಲಾಗಿ, ನೀವು ಕಲಿತ ಹೆಯಾನ್ ಶೋದಾನ್ ಆದದ್ದು. ಆದರೆ ಇತೊಸು ಅವರೇ 1908ರ ಪತ್ರದಲ್ಲಿ, ಪ್ರತಿ ಚಲನೆಯ ವಿವರಣೆಯನ್ನು ಕೇಳಿ ತಿಳಿದು, ಅದನ್ನು ಯಾವ ಸಂದರ್ಭದಲ್ಲಿ ಹೇಗೆ ಬಳಸಬೇಕೆಂದು ನಿರ್ಧರಿಸಿಕೊಂಡು ಅಭ್ಯಾಸ ಮಾಡಬೇಕೆಂದು ಸೂಚಿಸಿದ್ದರು.

ಪ್ರಶ್ನೆ: ಒಂದೇ ಚಲನೆಗೆ ಯೂಟ್ಯೂಬ್‌ನಲ್ಲಿ ಹತ್ತು ಬಗೆಯ ಬುಂಕಾಯ್ (ಕಟಾದ ಚಲನೆಗಳ ಬಳಕೆಯ ವಿವರಣೆ) ಸಿಗುತ್ತದೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದಕ್ಕಿಂತ ಹೆಚ್ಚು ಸರಿಯಿರಬಹುದು. ಆ ವಿವರಣೆಯಲ್ಲಿ ಎರಡೂ ಕೈಗಳಿಗೆ ಕೆಲಸವಿದೆಯೇ, ಕಾಲಿನ ತಿರುವಿನಿಂದ ಬಲ ಹೆಚ್ಚುತ್ತದೆಯೇ, ಜೊತೆಗಾರ ಸಹಕರಿಸದೆ ಬಿಗಿಯಾಗಿ ಹಿಡಿದಾಗಲೂ ಅದು ನಡೆಯುತ್ತದೆಯೇ ಎಂದು ಪರೀಕ್ಷಿಸಿ. ತಂಡ ಕಟಾ ಸ್ಪರ್ಧೆಗಳ ಪದಕದ ಸುತ್ತಿನಲ್ಲಿ ಕಾಣುವ ಹಾರಾಟದ ಬುಂಕಾಯ್ ತೀರ್ಪುಗಾರರಿಗಾಗಿ ಹೆಣೆದದ್ದು. ನೋಡಿ ಸಂತೋಷಪಡಿ, ಅಷ್ಟೆ. ನಿಮ್ಮ ಪರೀಕ್ಷೆಯನ್ನು ಮಾಸ್ಟರ್ ಅವರ ಎದುರಿನಲ್ಲಿಯೇ ನಡೆಸಿ. ಮೊಣಕೈಯ ಮೇಲೆ ಒತ್ತುವಾಗ ನಿಧಾನವಿರಲಿ, ಜೊತೆಗಾರ ಸಾಕೆಂದು ಕೈತಟ್ಟಿದ ಕೂಡಲೇ ಬಿಟ್ಟುಬಿಡಿ.