ಸರ್ಲಿ ಲಾಂಗ್ ಹಾಲ್ ಟ್ರಕ್ಕರ್, ಕ್ರಾಸ್-ಚೆಕ್: ಓಡಿಸುವಾಗ ಎರಡಕ್ಕೂ ಏನು ವ್ಯತ್ಯಾಸ?

ವಾರವಿಡೀ ಆಫೀಸಿಗೆ, ಆಗಾಗ ಸಾಮಾನು ಹೇರಿಕೊಂಡು ದೂರದೂರಿಗೆ. ಇದಕ್ಕೆ ಒಂದೇ ಸ್ಟೀಲ್ ಸೈಕಲ್ ಬೇಕು, ಅಮೆರಿಕದ ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕ್ಕರ್, ಕ್ರಾಸ್-ಚೆಕ್ ಎರಡೂ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿವೆ, ಯಾವುದು ಹಾಯಾಗಿ ಓಡುತ್ತದೆ ಅಂತ ಕೇಳಿದ್ದೀರಿ. ಖಾಲಿ ಇದ್ದಾಗ ಕ್ರಾಸ್-ಚೆಕ್, ಭಾರ ಹೇರಿದಾಗ ಟ್ರಕ್ಕರ್. ಹಾಗಾಗಿ ನೀವು ಎಷ್ಟು ಕೆ.ಜಿ. ಹೊರುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನಿಸಿ.

ಸ್ಟೀಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎರಡೂ 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಸ್ಟೀಲ್). ಸ್ಟೀಲ್ ಎಷ್ಟೇ ದುಬಾರಿಯದಾದರೂ ಅದರ ಬಿಗಿತ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು ಕೊಳವೆಯ ವ್ಯಾಸ ಮತ್ತು ದಪ್ಪದಿಂದ. ದಪ್ಪ ಅಷ್ಟೇ ಇಟ್ಟು ವ್ಯಾಸವನ್ನು 28.6 ಮಿ.ಮೀ.ನಿಂದ 31.8ಕ್ಕೆ ಏರಿಸಿದರೆ ಕೊಳವೆ ಶೇ. 37ರಷ್ಟು ಹೆಚ್ಚು ಬಿಗಿಯಾಗುತ್ತದೆ. ಹೊರೆ ಹೊರುವ ಫ್ರೇಮು ಖಾಲಿ ಇದ್ದಾಗ ಜಡ ಅನ್ನಿಸುವುದು ಇದೇ ಬಿಗಿತದಿಂದ. ಇನ್ನು ‘ಸ್ಟೀಲ್ ಮೆತ್ತಗೆ ಓಡುತ್ತೆ’ ಅನ್ನುವ ಮಾತಿನಲ್ಲಿ ಬಹುಪಾಲು ಟೈರಿನದು. 28 ಮಿ.ಮೀ. ಟೈರಿಗೆ 90 ಪಿಎಸ್‌ಐ ಗಾಳಿ ಹೊಡೆದ ಸೈಕಲ್ಲನ್ನೂ 38 ಮಿ.ಮೀ. ಟೈರಿಗೆ 50 ಹೊಡೆದದ್ದನ್ನೂ ಹೋಲಿಸಿ ಫ್ರೇಮಿಗೆ ಅಂಕ ಕೊಟ್ಟರೆ ಅರ್ಥವಿಲ್ಲ.

ಈಗ ಅಳತೆಗೆ ಬರೋಣ. 56 ಸೆಂ.ಮೀ. ಸೈಜಿನಲ್ಲಿ ಎರಡಕ್ಕೂ ಹೆಡ್ ಟ್ಯೂಬ್ (ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ಕೋನ 72 ಡಿಗ್ರಿ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಬಾಗು 44-45 ಮಿ.ಮೀ. ಅಂದರೆ ಹ್ಯಾಂಡಲ್ ತಿರುಗುವ ರೀತಿ ಕಾಗದದ ಮೇಲೆ ಒಂದೇ. ವ್ಯತ್ಯಾಸ ಇರುವುದು ಹಿಂದುಗಡೆ. ಟ್ರಕ್ಕರ್‌ನ ಚೈನ್‌ಸ್ಟೇ (ಪೆಡಲ್ ಬಳಿಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) 460 ಮಿ.ಮೀ., ಕ್ರಾಸ್-ಚೆಕ್‌ನದು 425. 700ಸಿ (ರೋಡ್ ಸೈಕಲ್ಲಿನ ದೊಡ್ಡ ಅಳತೆ) ಚಕ್ರದ ಟ್ರಕ್ಕರ್‌ನಲ್ಲಿ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಕ್ಷದ ಜಾಗ) ಕೂಡ 12 ಮಿ.ಮೀ. ಕೆಳಗಿದೆ. ಸಿಗ್ನಲ್ ಬಿಟ್ಟ ಕೂಡಲೇ ಪೆಡಲ್ ಮೇಲೆ ಎದ್ದು ನಿಂತು ತುಳಿದು ನೋಡಿ: ಕ್ರಾಸ್-ಚೆಕ್ ಜಿಗಿಯುತ್ತದೆ, ಟ್ರಕ್ಕರ್ ಯೋಚಿಸಿ ಹೊರಡುತ್ತದೆ. ಅದೇ ಟ್ರಕ್ಕರ್‌ಗೆ 20 ಕೆ.ಜಿ. ಹೇರಿ ಇಳಿಜಾರಿಗೆ ಬಿಟ್ಟರೆ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ, ಹ್ಯಾಂಡಲ್ ಮೇಲೆ ಬೆರಳಿಟ್ಟಿದ್ದರೆ ಸಾಕು.

ಆ 35 ಮಿ.ಮೀ. ಬರೀ ಅನುಭವದ ಪ್ರಶ್ನೆಯೂ ಅಲ್ಲ. ಕ್ರಾಸ್-ಚೆಕ್‌ಗೆ ದೊಡ್ಡ ಪ್ಯಾನಿಯರ್ ಬ್ಯಾಗ್ (ಕ್ಯಾರಿಯರ್ ಪಕ್ಕಕ್ಕೆ ನೇತುಹಾಕುವ ಚೀಲ) ಹಾಕಿದರೆ ತುಳಿಯುವಾಗ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತದೆ, ಪಾದ ಉದ್ದ ಇದ್ದವರಿಗಂತೂ ಖಂಡಿತ. ಬ್ಯಾಗನ್ನು ಕ್ಯಾರಿಯರ್‌ನಲ್ಲಿ ಹಿಂದಕ್ಕೆ ಸರಿಸಿದರೆ ಆ ತೊಂದರೆ ತಪ್ಪುತ್ತದೆ, ಆದರೆ ಭಾರ ಆಕ್ಸಲ್‌ನಿಂದ ಹಿಂದಕ್ಕೆ ಹೋಗಿ ಇನ್ನೊಂದು ಶುರುವಾಗುತ್ತದೆ: ಇಳಿಜಾರಿನಲ್ಲಿ ವೇಗ ಏರಿದಂತೆ ಫ್ರೇಮ್ ತಿರುಚಿಕೊಂಡು ಹ್ಯಾಂಡಲ್ ಗಡಗಡ ನಡುಗುತ್ತದೆ. ಹಾಗಾದರೆ ಹ್ಯಾಂಡಲ್ಲನ್ನು ಬಿಗಿಯಾಗಿ ಅವುಚಬೇಡಿ, ಅದು ನಡುಕ ಹೆಚ್ಚಿಸುತ್ತದೆ. ಎರಡೂ ಮೊಣಕಾಲನ್ನು ಟಾಪ್ ಟ್ಯೂಬಿಗೆ ಒತ್ತಿ, ಸೀಟಿನಿಂದ ಸ್ವಲ್ಪ ಎದ್ದು, ಮೆಲ್ಲಗೆ ಬ್ರೇಕ್ ಹಿಡಿಯಿರಿ. ಆಮೇಲೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾಗಿದೆಯೇ, ಕ್ಯಾರಿಯರ್ ಬೋಲ್ಟು ಅಲ್ಲಾಡುತ್ತದೆಯೇ ನೋಡಿ. ನಿಜವಾದ ಪರಿಹಾರ ಅಂದರೆ ಭಾರದ ಸುಮಾರು ಶೇ. 40ನ್ನು ಮುಂದಿನ ಫೋರ್ಕಿನ ಕೆಳಭಾಗದ ಕ್ಯಾರಿಯರ್‌ಗೆ ವರ್ಗಾಯಿಸುವುದು.

ನಿಮ್ಮ ಪ್ರವಾಸದ ಸಾಮಾನು 8-10 ಕೆ.ಜಿ. ಮೀರದಿದ್ದರೆ ಕ್ರಾಸ್-ಚೆಕ್ ತಗೊಳ್ಳಿ, ದಿನನಿತ್ಯ ಖುಷಿಯಾಗುತ್ತದೆ. ಅದರಲ್ಲಿ ಹಿಂದಿನ ಚಕ್ರ ಕೂರುವ ಜಾಗದ ಅಗಲ 132.5 ಮಿ.ಮೀ., ಹಾಗಾಗಿ 130ರ ರೋಡ್ ಹಬ್ (ಚಕ್ರದ ನಡುವಿನ ಗುಂಬ) ಕೂಡ, 135ರ ಎಂಟಿಬಿ (ಮೌಂಟನ್ ಬೈಕ್) ಹಬ್ ಕೂಡ ಕೂರುತ್ತದೆ. ಚಕ್ರ ಹುಡುಕುವುದು ಸುಲಭ. ಟೆಂಟು, ಸ್ಟೌವು, ನಾಲ್ಕು ಬ್ಯಾಗು ಅಂತಿದ್ದರೆ ಟ್ರಕ್ಕರ್ ಬಿಟ್ಟು ಬೇರೆ ಯೋಚನೆ ಬೇಡ. ಎತ್ತರ ಕಡಿಮೆ ಇದ್ದವರಿಗೆ ಅದು 26 ಇಂಚಿನ ಚಕ್ರದಲ್ಲಿ ಸಿಗುವುದು ದೊಡ್ಡ ಅನುಕೂಲ, ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುವುದಿಲ್ಲ.

ನೋಡಲು ಹೋಗುವಾಗ ಗೇಜ್ ಇರುವ ಪಂಪನ್ನೂ, ನಿಮ್ಮ ಬ್ಯಾಗಿಗೆ ಐದೈದು ಲೀಟರಿನ ಎರಡು ನೀರಿನ ಕ್ಯಾನನ್ನೂ ತೆಗೆದುಕೊಂಡು ಹೋಗಿ. ಎರಡೂ ಸೈಕಲ್ಲಿನಲ್ಲಿ ಟೈರಿನ ಅಗಲ ನೋಡಿ, ಒಂದೇ ಇದ್ದರೆ ಗಾಳಿಯನ್ನೂ ಒಂದೇ ಮಾಡಿ. ಮೊದಲು ಖಾಲಿ, ಆಮೇಲೆ ಹೇರಿಕೊಂಡು, ಒಂದೇ ಏರು, ಒಂದೇ ಇಳಿಜಾರು. ದುಡ್ಡು ಕೊಡುವ ಮುಂಚೆ ಸೀಟ್‌ಪೋಸ್ಟ್ ಹೊರಗೆಳೆಸಿ. ಬರದಿದ್ದರೆ ತುಕ್ಕು ಕಚ್ಚಿದೆ ಅಂತ ಅರ್ಥ, ಆ ಸೈಕಲ್ ಬಿಟ್ಟುಬಿಡಿ. ಬಂದರೆ ಟಾರ್ಚ್ ಹಾಕಿ ಕೊಳವೆಯ ಒಳಗೆ ನೋಡಿ. ಕೊನೆಗೆ ಹೆಡ್ ಟ್ಯೂಬಿನ ಹಿಂದೆ, ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬಿನ ತಳಭಾಗವನ್ನು ಬೆರಳಿನಿಂದ ಸವರಿ. ಅಲ್ಲಿ ಸಣ್ಣ ಉಬ್ಬು ಸಿಕ್ಕರೂ ಸೈಕಲ್ ಯಾವುದಕ್ಕೋ ಮುಂದಿನಿಂದ ಗುದ್ದಿದೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.