ಒಳ್ಳೆಯ ಪತ್ತೇದಾರಿ ಕಥೆಯ ಕೊನೆ ಅಷ್ಟೊಂದು ಖುಷಿ ಕೊಡುವುದು ಏಕೆ?

ಉತ್ತರ ಮೊದಲಿನಿಂದಲೂ ಕಣ್ಣೆದುರೇ ಇತ್ತು, ಆದರೂ ಕಾಣಲಿಲ್ಲವಲ್ಲ ಎಂಬ ಬೆರಗೇ ಆ ಖುಷಿ. ಅಪರಾಧಿ ಯಾರೆಂದು ತಿಳಿಯುವುದಷ್ಟೇ ಬೇಕಿದ್ದರೆ ಕೊನೆಯ ಪುಟ ಓದಿದರೆ ಸಾಕಿತ್ತು.

ನುರಿತ ಲೇಖಕರು ಸುಳಿವನ್ನು ನಮ್ಮ ಮುಂದೆಯೇ ಇಟ್ಟು, ಗಮನವನ್ನು ಬೇರೆಡೆಗೆ ಸೆಳೆಯುತ್ತಾರೆ. ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ‘ಸಿಲ್ವರ್ ಬ್ಲೇಜ್’ ಎಂಬ ಷರ್ಲಾಕ್ ಹೋಮ್ಸ್ ಕಥೆಯನ್ನೇ ನೋಡಿ. ರಾತ್ರೋರಾತ್ರಿ ಲಾಯದಿಂದ ಪಂದ್ಯದ ಕುದುರೆ ಮಾಯವಾಗುತ್ತದೆ. ಅಲ್ಲಿ ಕಾವಲಿಗೆ ನಾಯಿ ಇತ್ತು. ಅಟ್ಟದಲ್ಲಿ ಮಲಗಿದ್ದ ಹುಡುಗರಿಗೆ ಮಾತ್ರ ಏನೂ ಕೇಳಿಸಲಿಲ್ಲ. ಎರಡೂ ಸಂಗತಿ ನಮಗೆ ಗೊತ್ತು. ಆದರೆ ನಾವು ನಡೆದದ್ದನ್ನೇ ಹುಡುಕುತ್ತಿರುತ್ತೇವೆ, ನಡೆಯದೆ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಹೋಮ್ಸ್ ಅದನ್ನೇ ಹಿಡಿಯುತ್ತಾನೆ: ನಾಯಿ ಬೊಗಳಲಿಲ್ಲ, ಅಂದರೆ ಬಂದವನು ಅದಕ್ಕೆ ಚೆನ್ನಾಗಿ ಪರಿಚಯವಿದ್ದವನು. ಆ ಒಂದು ಮಾತಿಗೆ ಹಿಂದಿನ ಪುಟಗಳೆಲ್ಲ ಬೇರೆಯೇ ಅರ್ಥ ಪಡೆಯುತ್ತವೆ.

ಇದಕ್ಕೇ, ಎಲ್ಲಿಯೂ ಸುಳಿವು ಕೊಡದೆ ಕೊನೆಯ ಅಧ್ಯಾಯದಲ್ಲಿ ಅಪರಾಧಿಯ ಅವಳಿ ಸೋದರನನ್ನು ತಂದು ನಿಲ್ಲಿಸುವ ಕಾದಂಬರಿ ಓದಿದರೆ ನನಗೆ ಸಿಟ್ಟು ಬರುತ್ತದೆ. ಅದು ಓದುಗರಿಗೆ ಬಗೆಯುವ ಮೋಸ. ಇಂಗ್ಲೆಂಡಿನ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ, ಮುನ್ಸೂಚನೆ ಇಲ್ಲದೆ ಅವಳಿಗಳನ್ನು ತರಬಾರದು ಎಂಬುದೂ ಒಂದು.