ಕೋಡ್ ಬದಲಾಗಿಲ್ಲ, ವೇಗ ಯಾಕೆ ಬದಲಾಯಿತು?

ಪ್ರಶ್ನೆ: ಮುಕ್ತ ಆಕರ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ಬದಲಿಸುವ ತಂತ್ರಾಂಶ) ಒಂದರ ರಾತ್ರಿ ಬಿಲ್ಡ್, ಅಂದರೆ ಪ್ರತಿ ರಾತ್ರಿ ಕೋಡ್‌ನಿಂದ ಅದನ್ನು ಕಟ್ಟುವ ಕೆಲಸ ನೋಡಿಕೊಳ್ಳುತ್ತೇನೆ. ಕೋಡ್ ಮುಟ್ಟದಿದ್ದರೂ ವೇಗಪರೀಕ್ಷೆ ಒಂದು ದಿನ ಶೇ. 3 ನಿಧಾನ, ಮರುದಿನ ಸರಿ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಡಿ, ಮೊದಲು ಯಂತ್ರವನ್ನೇ ಅನುಮಾನಿಸಿ. ನಾನೂ ಇಂಥದ್ದೇ ಏರಿಳಿತದ ಹಿಂದೆ ಎರಡು ವಾರ ಅಲೆದೆ. ಕೊನೆಗೆ ನೋಡಿದರೆ ಅಳತೆ ನಡೆಯುವಾಗಲೇ ಪಕ್ಕದಲ್ಲಿ ಇನ್ನೊಂದು ಬಿಲ್ಡ್ ಓಡುತ್ತಿತ್ತು. ಅಳತೆಗೆಂದೇ ಒಂದು ಯಂತ್ರ ಮೀಸಲಿಡಿ, ಅದರಲ್ಲಿ ಟರ್ಬೊ (ಪ್ರೊಸೆಸರ್ ತಾನಾಗಿಯೇ ವೇಗ ಏರಿಸಿಕೊಳ್ಳುವ ಸೌಲಭ್ಯ) ನಿಲ್ಲಿಸಿ, ಪ್ರೊಸೆಸರ್ ವೇಗವನ್ನು ಸ್ಥಿರಗೊಳಿಸಿ. ಸಮಯದ ಜತೆಗೆ ಪ್ರೊಸೆಸರ್‌ನಲ್ಲಿ ಕಾರ್ಯಗತವಾದ ಆದೇಶಗಳನ್ನು, ಅಂದರೆ ಇನ್‌ಸ್ಟ್ರಕ್ಷನ್‌ಗಳನ್ನೂ ಎಣಿಸಿ. ಆ ಸಂಖ್ಯೆ ಅಷ್ಟು ಓಲಾಡುವುದಿಲ್ಲ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ ತಂಡವೂ ಅದಕ್ಕೇ ಹೆಚ್ಚು ಬೆಲೆ ಕೊಡುತ್ತದೆ. ಆದರೆ ಬೇಕಾದ ಮಾಹಿತಿ ಕ್ಯಾಶ್‌ನಲ್ಲಿ (ಪ್ರೊಸೆಸರ್ ಪಕ್ಕದ ವೇಗದ ಸ್ಮರಣೆ) ಸಿಗದಿದ್ದರಿಂದಾದ ನಿಧಾನ ಅದರಲ್ಲಿ ಕಾಣದು, ಹಾಗಾಗಿ ಗಡಿಯಾರವನ್ನು ಪೂರ್ತಿ ಬಿಡಬೇಡಿ. ಕುಸಿತ ನಿಜವೆಂದು ಖಚಿತವಾದರೆ ಗಿಟ್ ಬೈಸೆಕ್ಟ್ (ಕಮಿಟ್ ಎಂಬ ದಾಖಲಾದ ಕೋಡ್ ಬದಲಾವಣೆಗಳ ಸಾಲನ್ನು ಅರ್ಧರ್ಧ ಮಾಡುತ್ತಾ ತಪ್ಪು ಹುಡುಕುವ ಉಪಕರಣ) ಹಿಡಿಯಿರಿ: 1000 ಕಮಿಟ್‌ಗಳಲ್ಲೂ ಸುಮಾರು 10 ಹೆಜ್ಜೆಗೆ ಕಾರಣ ಸಿಗುತ್ತದೆ.